ಸೊಪ್ಪಿನ ಸಾರೋ, ಬಾಡಿನ ಸಾರೋ: ತಟ್ಟೆಯ ಮಿಕ್ಕ ಭಾಗ ನೋಡಿ

ದಾವಣಗೆರೆಗೆ ಹೆಸರು ತಂದ ತಿಂಡಿಗಳನ್ನು ಎಣಿಸಿ ನೋಡಿ: ಬೆಣ್ಣೆ ದೋಸೆ, ಖಾರ ಮಂಡಕ್ಕಿ, ಮಿರ್ಚಿ. ಮೂರಕ್ಕೂ ಮಾಂಸದ ಸೋಂಕಿಲ್ಲ. ಹಾಗಂತ ಇವನ್ನೇ ದಿನಾ ತಿನ್ನುವವರ ಹೃದಯ ಗಟ್ಟಿಯಾಗಿರುತ್ತದೆಂದು ಯಾವ ಡಾಕ್ಟರೂ ಹೇಳುವುದಿಲ್ಲ. ಈಗ ಚಳ್ಳಕೆರೆ ಕಡೆಯ ಒಂದು ರಾತ್ರಿ ಊಟ ನೋಡಿ: ರಾಗಿ ಮುದ್ದೆ, ಮೆಂತೆ ಸೊಪ್ಪು ಹಾಕಿದ ಕಾಳಿನ ಸಾರು, ಅದರಲ್ಲಿ ಮೂರ್ನಾಲ್ಕು ತುಂಡು ಕುರಿ ಮಾಂಸ, ಪಕ್ಕಕ್ಕೆ ಹಸಿ ಈರುಳ್ಳಿ, ಮೂಲಂಗಿ. ಇದು ಮಾಂಸದೂಟ. ಆದರೆ ನಾರು, ಕಾಳು, ಸೊಪ್ಪು ಯಾವ ತಟ್ಟೆಯಲ್ಲಿ ಹೆಚ್ಚಿದೆ ಎಂದು ಕೇಳಿದರೆ ಉತ್ತರ ಸುಲಭ.

ಸಸ್ಯಾಹಾರ ಮೇಲೋ, ಮಾಂಸಾಹಾರ ಮೇಲೋ ಎಂಬ ವಾದ ಮುಗಿಯದೇ ಇರುವುದು ಇದಕ್ಕೇ. ಮಾಂಸ ಇದೆಯೋ ಇಲ್ಲವೋ ಎಂಬುದು ತಟ್ಟೆಯ ಕಾಲು ಭಾಗದ ಮಾತು. ಮಿಕ್ಕ ಮುಕ್ಕಾಲು ಭಾಗದಲ್ಲಿ ಏನಿದೆ ಎಂಬುದೇ ಆರೋಗ್ಯವನ್ನು ಹೆಚ್ಚು ತೀರ್ಮಾನಿಸುತ್ತದೆ. ಎರಡೂ ಬಗೆಯ ಊಟಕ್ಕೆ ಅದರದರದೇ ಕೊರತೆಗಳಿವೆ, ಎರಡನ್ನೂ ನಮ್ಮ ಸಂತೆಯಲ್ಲಿ ಸಿಗುವ ಪದಾರ್ಥಗಳಿಂದಲೇ ಬಹುಪಾಲು ತುಂಬಬಹುದು. ಯಾರು ಏನು ತಿನ್ನಬೇಕೆಂಬುದು ಅವರವರ ಮನೆತನ, ನಂಬಿಕೆ, ಕೈಲಿರುವ ದುಡ್ಡಿಗೆ ಸೇರಿದ್ದು. ಅದನ್ನು ಪ್ರಶ್ನಿಸುವ ಹಕ್ಕು ಪೌಷ್ಟಿಕತೆಯ ಲೆಕ್ಕಕ್ಕೆ ಇಲ್ಲ.

ಮೊದಲು ಅಧ್ಯಯನಗಳು ಏನು ಹೇಳುತ್ತವೆ ನೋಡೋಣ. ಇವನ್ನು ಎರಡೂ ಕಡೆಯವರು ತಮಗೆ ಬೇಕಾದಷ್ಟೇ ಕತ್ತರಿಸಿ ವಾಟ್ಸಾಪಿನಲ್ಲಿ ಹಂಚುತ್ತಾರೆ. ಬ್ರಿಟನ್ನಿನ ಎಪಿಕ್-ಆಕ್ಸ್‌ಫರ್ಡ್ ಅಧ್ಯಯನ ಸುಮಾರು 48 ಸಾವಿರ ಜನರನ್ನು 18 ವರ್ಷ ಹಿಂಬಾಲಿಸಿ 2019ರಲ್ಲಿ ಫಲಿತಾಂಶ ಪ್ರಕಟಿಸಿತು. ಸಸ್ಯಾಹಾರಿಗಳಲ್ಲಿ ಹೃದಯದ ರಕ್ತನಾಳದ ಕಾಯಿಲೆ 22 ಶೇಕಡ ಕಡಿಮೆ ಇತ್ತು. ಪಾರ್ಶ್ವವಾಯು ಮಾತ್ರ 20 ಶೇಕಡ ಹೆಚ್ಚಿತ್ತು. ಶೇಕಡಾವಾರು ಕೇಳಿದರೆ ಎರಡೂ ಸಮ ಅನ್ನಿಸುತ್ತದೆ, ತಲೆಲೆಕ್ಕ ಹಾಗಿಲ್ಲ: ಸಾವಿರ ಜನರಲ್ಲಿ ಹತ್ತು ವರ್ಷಕ್ಕೆ ಹೃದಯದ ಕಾಯಿಲೆ ಹತ್ತು ಮಂದಿಗೆ ತಪ್ಪಿತು, ಪಾರ್ಶ್ವವಾಯು ಮೂರು ಮಂದಿಗೆ ಹೆಚ್ಚಾಯಿತು. ಅದೇ ತಂಡ 2020ರಲ್ಲಿ ಇನ್ನೊಂದು ಸಂಗತಿ ತೋರಿಸಿತು. ಹಾಲು-ಮೊಟ್ಟೆಯನ್ನೂ ಬಿಟ್ಟ ವೀಗನ್‌ಗಳಲ್ಲಿ ಮೂಳೆ ಮುರಿತ 43 ಶೇಕಡ ಹೆಚ್ಚಿತ್ತು. ಕ್ಯಾಲ್ಸಿಯಂ, ಪ್ರೋಟೀನುಗಳನ್ನು ಲೆಕ್ಕಕ್ಕೆ ತಂದಾಗ ಈ ಅಂತರ ಸ್ವಲ್ಪ ಕುಗ್ಗಿತು, ಪೂರ್ತಿ ಮಾಯವಾಗಲಿಲ್ಲ.

ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ 22 ಜೋಡಿ ಏಕರೂಪಿ ಅವಳಿಗಳ ಮೇಲೆ ನಡೆದ ಪ್ರಯೋಗ 2023ರಲ್ಲಿ ಪ್ರಕಟವಾಯಿತು. ಎಂಟು ವಾರ ಅವಳಿಗಳಲ್ಲಿ ಒಬ್ಬರಿಗೆ ವೀಗನ್ ಊಟ, ಇನ್ನೊಬ್ಬರಿಗೆ ಮಾಂಸವೂ ಇರುವ ಒಳ್ಳೆಯ ಊಟ. ವೀಗನ್ ಊಟದವರ ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟ್ರಾಲ್, ಹೆಚ್ಚು ಇಳಿಯಿತು. ಇಷ್ಟು ಓದಿ ಸಸ್ಯಾಹಾರ ಗೆದ್ದಿತೆಂದು ಹೇಳುವ ಮೊದಲು 2017ರಲ್ಲಿ ಹಾರ್ವರ್ಡಿನ ಸಂಶೋಧಕರು ಪ್ರಕಟಿಸಿದ ಲೆಕ್ಕವನ್ನೂ ನೋಡಬೇಕು. ಅವರು ಸಸ್ಯಾಹಾರವನ್ನೇ ಎರಡಾಗಿ ಒಡೆದರು. ತವುಡು ಉಳಿದ ಧಾನ್ಯ, ಕಾಳು, ತರಕಾರಿ, ಹಣ್ಣು, ಕಡಲೆಬೀಜದಂಥವು ಒಂದು ಕಡೆ; ಪಾಲಿಶ್ ಧಾನ್ಯ, ಆಲೂಗಡ್ಡೆ, ಸಿಹಿ ತಿಂಡಿ, ಸಕ್ಕರೆ ಪಾನೀಯ ಇನ್ನೊಂದು ಕಡೆ. ಮೊದಲನೆಯದನ್ನು ಹೆಚ್ಚು ತಿಂದವರ ಹೃದಯದ ಅಪಾಯ ಇಳಿಯಿತು. ಎರಡನೆಯದನ್ನು ಹೆಚ್ಚು ತಿಂದವರಿಗೆ ಏರಿತು. ಎರಡೂ ಸಸ್ಯಾಹಾರವೇ! ನಮ್ಮ ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳ ಮಟ್ಟಿಗೆ ಇದಕ್ಕಿಂತ ಉಪಯೋಗದ ಅಧ್ಯಯನ ಇನ್ನೊಂದಿಲ್ಲ ಎನ್ನುವುದು ನನ್ನ ಅಭಿಪ್ರಾಯ. ಭದ್ರಾ ನಾಲೆಯ ಭತ್ತ ಮನೆಮನೆ ಸೇರಿದ ಮೇಲೆ ನಮ್ಮ ಸಸ್ಯಾಹಾರದ ಬಹುಪಾಲು ಬಿಳಿ ಅನ್ನವೇ ಆಗಿಬಿಟ್ಟಿದೆ.

ಲೆಕ್ಕ ಹಾಕೋಣ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2020ರಲ್ಲಿ ಕೊಟ್ಟ ಪ್ರಮಾಣದಂತೆ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು. 55 ಕೆ.ಜಿ. ತೂಕದ ಹೆಣ್ಣುಮಗಳಿಗೆ ಸುಮಾರು 46 ಗ್ರಾಂ, 65 ಕೆ.ಜಿ.ಯ ಗಂಡಸಿಗೆ 54 ಗ್ರಾಂ. ಮಾಂಸ ತಿನ್ನದ ಮನೆಯ ಸಾಧಾರಣ ದಿನ ಹೀಗಿರುತ್ತದೆ: ಬೆಳಿಗ್ಗೆ ಒಗ್ಗರಣೆ ಮಂಡಕ್ಕಿ ಅಥವಾ ಎರಡು ದೋಸೆ, 5-6 ಗ್ರಾಂ. ಮಧ್ಯಾಹ್ನ 150 ಗ್ರಾಂ ಅಕ್ಕಿಯ ಅನ್ನ, 12 ಗ್ರಾಂ. ತಿಳಿಸಾರಿನಲ್ಲಿ ಒಬ್ಬರ ಪಾಲಿಗೆ ಬರುವ ಬೇಳೆ ಹೆಚ್ಚೆಂದರೆ 10 ಗ್ರಾಂ, ಅದರಿಂದ ಪ್ರೋಟೀನ್ 2 ಗ್ರಾಂ. ರಾತ್ರಿ ಎರಡು ಜೋಳದ ರೊಟ್ಟಿ, 8 ಗ್ರಾಂ. ಪಲ್ಯದಿಂದ 2 ಗ್ರಾಂ, ಚಹಾಕ್ಕೆ ಹೋಗುವ ಹಾಲಿನಿಂದ 3 ಗ್ರಾಂ. ಒಟ್ಟು 33ರ ಆಸುಪಾಸು. ಹೆಣ್ಣುಮಗಳ ಲೆಕ್ಕಕ್ಕೇ ಹದಿಮೂರು ಗ್ರಾಂ ಖೋತಾ. ಹೊಟ್ಟೆ ತುಂಬಿರುತ್ತದೆ, ಆದ್ದರಿಂದ ಕೊರತೆ ಇದೆಯೆಂದು ಯಾರಿಗೂ ಅನ್ನಿಸುವುದಿಲ್ಲ.

ಇದನ್ನು ತುಂಬಲು ಪ್ರೋಟೀನ್ ಪುಡಿಯ ಡಬ್ಬ ಬೇಡ. ಸಾರಿಗೆ ತಲೆಗೆ ಇನ್ನೂ 30 ಗ್ರಾಂ ಬೇಳೆ, ಅಂದರೆ ಒಂದು ಸಣ್ಣ ಹಿಡಿ: 6 ಗ್ರಾಂ. ಒಂದು ಬಟ್ಟಲು ಮೊಸರು, 150 ಗ್ರಾಂ: 5 ಗ್ರಾಂ ಹತ್ತಿರ. ಚಳ್ಳಕೆರೆಯ ಶೇಂಗಾ 20 ಗ್ರಾಂ, ಹುರಿದೋ ಚಟ್ನಿಪುಡಿ ಮಾಡಿಯೋ: 5 ಗ್ರಾಂ. ಅಲ್ಲಿಗೆ 49. ಈ ಮೂರನ್ನು ಸೇರಿಸಿದಾಗ ಅನ್ನವನ್ನು ಕಾಲು ಭಾಗ ಇಳಿಸಬೇಕು, ಇಲ್ಲದಿದ್ದರೆ ತೂಕ ಏರುತ್ತದೆ. ಅನ್ನ ಇಳಿಸಿದ್ದಕ್ಕೆ 3 ಗ್ರಾಂ ಹೋದರೂ 46 ಉಳಿಯುತ್ತದೆ. ಮೊಸರು ಒಗ್ಗದವರಿಗೆ ಸೋಯಾ ಚಂಕ್ಸ್ ಇದೆ: ಒಣದು 25 ಗ್ರಾಂ ತೆಗೆದುಕೊಂಡರೆ 13 ಗ್ರಾಂ ಪ್ರೋಟೀನ್. ಬಿಸಿನೀರಿನಲ್ಲಿ ಹತ್ತು ನಿಮಿಷ ನೆನೆಸಿ, ಎರಡು ಸಲ ಹಿಂಡಿ ತೆಗೆದರೆ ಆ ಹಸಿ ವಾಸನೆ ಹೋಗುತ್ತದೆ. ಪ್ರೋಟೀನಿನ ಘಟಕಗಳಲ್ಲಿ ಧಾನ್ಯಕ್ಕೆ ಲೈಸಿನ್ ಕಡಿಮೆ, ಕಾಳಿಗೆ ಮಿಥಿಯೊನಿನ್ ಕಡಿಮೆ; ರೊಟ್ಟಿ-ಕಾಳು ಪಲ್ಯ ಒಂದನ್ನೊಂದು ತುಂಬುತ್ತವೆ. ಒಂದೇ ಹೊತ್ತಿನ ಊಟದಲ್ಲಿ ಎರಡೂ ಇರಲೇಬೇಕೆಂದಿಲ್ಲ, ದಿನದಲ್ಲಿ ಎರಡೂ ಒಳಗೆ ಹೋದರೆ ಸಾಕು.

ಇನ್ನು ಮಾಂಸ ತಿನ್ನುವ ಮನೆ. "ನಾವು ಮಟನ್ ತಿಂತೀವಿ, ನಮಗೆ ಪ್ರೋಟೀನ್ ಚಿಂತೆ ಇಲ್ಲ" ಎನ್ನುವವರು ಈ ಲೆಕ್ಕ ನೋಡಬೇಕು. ನಾಲ್ಕು ಜನರ ಮನೆಗೆ ಭಾನುವಾರ ಅರ್ಧ ಕಿಲೋ ಕುರಿ ಮಾಂಸ ಬರುತ್ತದೆ. ಮೂಳೆ ಕಳೆದರೆ 380 ಗ್ರಾಂ. ತಲೆಗೆ 95 ಗ್ರಾಂ, ಪ್ರೋಟೀನ್ 19 ಗ್ರಾಂ. ಇದನ್ನು ವಾರದ ಏಳು ದಿನಕ್ಕೆ ಹಂಚಿದರೆ ದಿನಕ್ಕೆ 3 ಗ್ರಾಂ ಸಹ ಆಗಲಿಲ್ಲ. ದೇಹ ಪ್ರೋಟೀನನ್ನು ಭಾನುವಾರ ಕೂಡಿಟ್ಟುಕೊಂಡು ಗುರುವಾರ ಖರ್ಚು ಮಾಡುವುದಿಲ್ಲ. ಸೋಮವಾರದಿಂದ ಶನಿವಾರದವರೆಗೆ ಈ ಮನೆಯ ಊಟವೂ ಅದೇ ಅನ್ನ, ತಿಳಿಸಾರು, ಉಪ್ಪಿನಕಾಯಿ. ಎಷ್ಟೋ ಸಲ ಇವರ ತಟ್ಟೆ ಸಸ್ಯಾಹಾರಿ ನೆರೆಮನೆಗಿಂತ ಬಡವಾಗಿರುತ್ತದೆ, ಯಾಕೆಂದರೆ ಮಟನ್ನಿಗೆ ಕೊಟ್ಟ ದುಡ್ಡು ವಾರದ ಕಾಳು-ಹಾಲಿನಿಂದ ಕಡಿತವಾಗಿರುತ್ತದೆ. ಅದೇ ದುಡ್ಡಿನ ಒಂದು ಪಾಲಿಗೆ ಮೊಟ್ಟೆ ತಂದು ವಾರವಿಡೀ ಹಂಚಿದರೆ ತಲೆಗೆ ದಿನ ಬಿಟ್ಟು ದಿನ ಒಂದು ಮೊಟ್ಟೆ, ಅಂದರೆ 6 ಗ್ರಾಂ ಉತ್ತಮ ದರ್ಜೆಯ ಪ್ರೋಟೀನ್ ಸಿಗುತ್ತದೆ. ಬಾಡೂಟ ಬಿಡಿ ಎಂದು ಹೇಳುತ್ತಿಲ್ಲ. ಅದು ಹಬ್ಬ. ದುಗ್ಗಮ್ಮನ ಜಾತ್ರೆಯ ಊಟವನ್ನು ಪೌಷ್ಟಿಕತೆಯ ತಕ್ಕಡಿಯಲ್ಲಿ ತೂಗಬೇಕಿಲ್ಲ. ಮಿಕ್ಕ ದಿನಗಳ ಊಟಕ್ಕೆ ಅದು ಬದಲಿಯಲ್ಲ, ಅಷ್ಟೇ.

ಬಿ12 ವಿಷಯಕ್ಕೆ ಹೆಚ್ಚು ಹೊತ್ತು ಕೊಡಬೇಕು. ಇಡೀ ವಾದದಲ್ಲಿ ಸಸ್ಯಾಹಾರ ನಿಜವಾಗಿ ಸೋಲುವ ಜಾಗ ಇದೊಂದೇ. ಈ ವಿಟಮಿನ್ನನ್ನು ತಯಾರಿಸುವುದು ಬ್ಯಾಕ್ಟೀರಿಯ. ನಮಗೆ ಸಿಗುವುದು ಮಾಂಸ, ಮೀನು, ಮೊಟ್ಟೆ, ಹಾಲಿನಿಂದ. ಸೊಪ್ಪು, ಕಾಳು, ಧಾನ್ಯ ಯಾವುದರಲ್ಲೂ ನಂಬಿಕೊಳ್ಳುವಷ್ಟಿಲ್ಲ. ಹುಳಿ ಬಂದ ದೋಸೆ ಹಿಟ್ಟಿನಲ್ಲಿದೆ, ಸ್ಪಿರುಲಿನಾ ಎಂಬ ಪಾಚಿಯ ಪುಡಿಯಲ್ಲಿದೆ ಎಂಬ ಮಾತು ನಂಬಬೇಡಿ. ಸ್ಪಿರುಲಿನಾದಲ್ಲಿ ಇರುವುದರ ಬಹುಪಾಲು ದೇಹಕ್ಕೆ ಕೆಲಸಕ್ಕೆ ಬಾರದ ನಕಲಿ ರೂಪ. ದಿನಕ್ಕೆ ಬೇಕಾದ್ದು ಎರಡು ಮೈಕ್ರೊಗ್ರಾಂಗಿಂತ ಸ್ವಲ್ಪ ಹೆಚ್ಚು. ಒಂದು ದೊಡ್ಡ ಲೋಟ ಹಾಲಿನಲ್ಲಿ ಸುಮಾರು ಒಂದು, ಒಂದು ಮೊಟ್ಟೆಯಲ್ಲಿ ಅರ್ಧ ಮೈಕ್ರೊಗ್ರಾಂ. ಹಾಲನ್ನು ದಿನವಿಡೀ ಮತ್ತೆ ಮತ್ತೆ ಕುದಿಸಿದರೆ ಅದರಲ್ಲೂ ಒಂದು ಪಾಲು ಹೋಗುತ್ತದೆ. ಒಂದೇ ಸಲ ಉಕ್ಕಿಸಿ, ಆರಿಸಿ, ಫ್ರಿಜ್ಜಿಗಿಡಿ. ದಿನಕ್ಕೆ ಎರಡು ಸಲ ಚಹಾದಲ್ಲಿ ಬೀಳುವ ಹಾಲನ್ನೇ ನೆಚ್ಚಿಕೊಂಡ ಸಸ್ಯಾಹಾರಿಗೆ ಬಿ12 ಸಾಲುವುದಿಲ್ಲ.

ಭಾನುವಾರದ ಮಟನ್ನೂ ಇಲ್ಲಿ ಪೂರ್ತಿ ಕಾಪಾಡುವುದಿಲ್ಲ. ಕರುಳು ಒಂದು ಹೊತ್ತಿನ ಊಟದಿಂದ ಹೀರಿಕೊಳ್ಳುವ ಬಿ12ಕ್ಕೆ ಮಿತಿ ಇದೆ, ಒಂದೂವರೆಯಿಂದ ಎರಡು ಮೈಕ್ರೊಗ್ರಾಂ. ಅದಕ್ಕಿಂತ ಮೇಲಿನದರಲ್ಲಿ ನೂರಕ್ಕೆ ಒಂದು ಪಾಲು ಮಾತ್ರ ಒಳಗೆ ಹೋಗುತ್ತದೆ. ಆದ್ದರಿಂದ ವಾರಕ್ಕೊಮ್ಮೆ ಬಹಳ ತಿನ್ನುವುದಕ್ಕಿಂತ ದಿನಾ ಸ್ವಲ್ಪ ಹಾಲು, ಮೊಟ್ಟೆ ಮೇಲು.

ಕೊರತೆ ಬಂದಾಗ ಅಂಗಾಲು ಉರಿ, ಕೈಕಾಲು ಜೋಮು, ನಾಲಿಗೆ ನೋವು, ಮರೆವು, ಕಾರಣವಿಲ್ಲದ ಸುಸ್ತು ಕಾಣುತ್ತವೆ. ನಮ್ಮಲ್ಲಿ ಆಗುವ ದೊಡ್ಡ ತಪ್ಪು ಇಲ್ಲೇ: ಸಕ್ಕರೆ ಕಾಯಿಲೆಯವರ ಅಂಗಾಲು ಉರಿಯನ್ನು ಪೂರ್ತಿ ಶುಗರಿನ ತಲೆಗೆ ಕಟ್ಟುವುದು. ಮೆಟ್‌ಫಾರ್ಮಿನ್ ಎಂಬ ಶುಗರ್ ಮಾತ್ರೆಯನ್ನು ವರ್ಷಗಟ್ಟಲೆ ನುಂಗಿದರೆ ಬಿ12 ಹೀರಿಕೆ ಕುಗ್ಗುತ್ತದೆ. ಗ್ಯಾಸ್ಟ್ರಿಕ್ಕಿಗೆಂದು ದಿನಾ ತೆಗೆದುಕೊಳ್ಳುವ ಮಾತ್ರೆಯೂ ಹಾಗೇ ಮಾಡುತ್ತದೆ. ಈ ಎರಡೂ ಮಾತ್ರೆ ನುಂಗುವ ಸಸ್ಯಾಹಾರಿ ಹಿರಿಯರಿದ್ದರೆ ಅವರ ಬಿ12 ಪರೀಕ್ಷೆ ಮಾಡಿಸಿಯೇ ತೀರಬೇಕು. ರಕ್ತದ ಪ್ರತಿ ಮಿಲಿಲೀಟರಿನಲ್ಲಿ 200 ಪಿಕೊಗ್ರಾಂಗಿಂತ ಕಡಿಮೆ ಇದ್ದರೆ ಕೊರತೆ, 200ರಿಂದ 300 ಅನುಮಾನದ ಗಡಿ. ಬಿ-ಕಾಂಪ್ಲೆಕ್ಸ್ ಶುರು ಮಾಡುವ ಮೊದಲೇ ರಕ್ತ ಕೊಡಿ. ಮಾತ್ರೆ ನುಂಗಿ ಹೋದರೆ ಅಂಕಿ ಏರಿ ಕಂಡು ಕೊರತೆ ಮುಚ್ಚಿಹೋಗುತ್ತದೆ. ಸೊಪ್ಪು ಚೆನ್ನಾಗಿ ತಿನ್ನುವವರಿಗೆ ಇನ್ನೊಂದು ಎಚ್ಚರಿಕೆ: ಸೊಪ್ಪಿನಲ್ಲಿರುವ ಫೋಲೇಟ್ ಎಂಬ ಇನ್ನೊಂದು ಬಿ ವಿಟಮಿನ್ ರಕ್ತಹೀನತೆಯನ್ನು ಮರೆಸಬಲ್ಲದು, ನರಕ್ಕಾಗುವ ಹಾನಿಯನ್ನು ತಡೆಯಲಾರದು. ಹಾಗಾಗಿ ಹಿಮೋಗ್ಲೋಬಿನ್ ಸರಿ ಇದೆಯೆಂದು ಸುಮ್ಮನಾಗಬೇಡಿ. ಹಾಲನ್ನೂ ಬಿಟ್ಟವರು ದಿನಕ್ಕೆ ಕನಿಷ್ಠ 10 ಮೈಕ್ರೊಗ್ರಾಂ ಅಥವಾ ವಾರಕ್ಕೆ 2000 ಮೈಕ್ರೊಗ್ರಾಂ ಬಿ12 ಮಾತ್ರೆ ತೆಗೆದುಕೊಳ್ಳಲೇಬೇಕು. ಈಗಾಗಲೇ ಕೊರತೆ ಇರುವವರ ಪ್ರಮಾಣ ಬೇರೆ, ಅದನ್ನು ಡಾಕ್ಟರ್ ಹೇಳಲಿ. ಬಸುರಿಯರಲ್ಲಿ ಇದನ್ನು ಉಪೇಕ್ಷಿಸಿದರೆ ಎದೆಹಾಲು ಕುಡಿಯುವ ಕೂಸಿನ ಬೆಳವಣಿಗೆಯೇ ಹಿಂದೆ ಬೀಳುತ್ತದೆ.

ಕಬ್ಬಿಣದ ಕತೆ ಬೇರೆ ಥರ. ರಾಗಿ, ಸೊಪ್ಪು, ಕಾಳಿನಲ್ಲಿ ಕಬ್ಬಿಣ ಮಾಂಸಕ್ಕಿಂತ ಕಡಿಮೆಯೇನಿಲ್ಲ. ಒಳಗೆ ಹೋಗುವುದು ಕಡಿಮೆ. ಮಾಂಸದ ಕಬ್ಬಿಣದಲ್ಲಿ 15ರಿಂದ 35 ಶೇಕಡ ದೇಹಕ್ಕೆ ಸೇರಿದರೆ ಗಿಡದ ಕಬ್ಬಿಣದಲ್ಲಿ ಸಾಮಾನ್ಯವಾಗಿ 10 ಶೇಕಡವೂ ದಾಟುವುದಿಲ್ಲ. ಹೆಣ್ಣುಮಕ್ಕಳಿಗೆ ದಿನಕ್ಕೆ 29 ಮಿಲಿಗ್ರಾಂ ಬೇಕು, ಗಂಡಸಿಗೆ 19. ದೇಶದಲ್ಲಿ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ 57 ಶೇಕಡ ಮಂದಿಗೆ ರಕ್ತಹೀನತೆ ಇದೆಯೆಂದು ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿತು. ಇಷ್ಟು ದೊಡ್ಡ ಅಂಕಿಯಲ್ಲಿ ಮಾಂಸ ತಿನ್ನುವವರೂ ಇದ್ದಾರೆ ಎಂಬುದನ್ನು ಮರೆಯಬಾರದು. ಮಾಡಬೇಕಾದ್ದು ಎರಡೇ ಕೆಲಸ. ಸೊಪ್ಪಿನ ಸಾರನ್ನು ಒಲೆಯಿಂದ ಇಳಿಸಿದ ಮೇಲೆ, ತಟ್ಟೆಯಲ್ಲಿ ನಿಂಬೆಹಣ್ಣು ಹಿಂಡಬೇಕು. ಕುದಿಯುವಾಗ ಹಿಂಡಿದರೆ ವಿಟಮಿನ್ ಸಿ ಬಹಳಷ್ಟು ಹಾಳಾಗುತ್ತದೆ. ಊಟವಾದ ಕೂಡಲೇ ಚಹಾ ಕುಡಿಯುವ ಅಭ್ಯಾಸ ಬಿಡಬೇಕು; ಚಹಾದ ಒಗರು ಗಿಡದ ಕಬ್ಬಿಣವನ್ನು ಹಿಡಿದುಕೊಂಡು ಹೀರಿಕೆಯನ್ನು ಅರ್ಧಕ್ಕಿಂತ ಕೆಳಗಿಳಿಸಬಲ್ಲದು. ಒಂದು ಗಂಟೆಯಾದರೂ ಬಿಡುವು ಕೊಡಿ. ಮಾಂಸ ತಿನ್ನುವವರಿಗೆ ಒಂದು ಅನುಕೂಲವಿದೆ: ಸ್ವಲ್ಪವೇ ಮಾಂಸ ಜೊತೆಗಿದ್ದರೂ ಸೊಪ್ಪಿನ ಕಬ್ಬಿಣ ಹೆಚ್ಚು ಹೀರುತ್ತದೆ. ಬರೀ ಕೈಮಾ ಮಾಡುವುದಕ್ಕಿಂತ ಮೆಂತೆ ಸೊಪ್ಪು ಹಾಕಿದ ಕೈಮಾ ಲಾಭ.

ಕೊಬ್ಬಿನ ವಿಷಯದಲ್ಲಿ ಎರಡೂ ಕಡೆ ತಪ್ಪಿದೆ. ಒಂದು ದೊಡ್ಡ ಚಮಚ, ಅಂದರೆ 14 ಗ್ರಾಂ ಬೆಣ್ಣೆಯಲ್ಲಿ 7 ಗ್ರಾಂ ಸ್ಯಾಚುರೇಟೆಡ್ ಕೊಬ್ಬು, ಅಂದರೆ ಕೆಟ್ಟ ಕೊಲೆಸ್ಟ್ರಾಲ್ ಏರಿಸುವ ಕೊಬ್ಬು. 2000 ಕ್ಯಾಲೊರಿ ತಿನ್ನುವವರಿಗೆ ದಿನದ ಮಿತಿ 22 ಗ್ರಾಂ. ದೋಸೆಯೊಂದಕ್ಕೆ ಎರಡು ಚಮಚ ಬೆಣ್ಣೆ ಬಿದ್ದರೆ ಎರಡು ದೋಸೆಗೆ 28 ಗ್ರಾಂ: ಬೆಳಿಗ್ಗೆ ಒಂಬತ್ತಕ್ಕೇ ದಿನದ ಮಿತಿ ದಾಟಿತು. ತಿಂಗಳಿಗೆರಡು ಸಲ ತಿನ್ನಿ, ಸಂತೋಷವಾಗಿ ತಿನ್ನಿ. ಮಿರ್ಚಿಯ ತೊಂದರೆ ಎಣ್ಣೆಯ ಪ್ರಮಾಣಕ್ಕಿಂತ ಎಣ್ಣೆಯ ವಯಸ್ಸಿನದು. ಮತ್ತೆ ಮತ್ತೆ ಕಾಯಿಸಿದ ಎಣ್ಣೆಯಲ್ಲಿ ಹುಟ್ಟುವ ಕೆಟ್ಟ ಅಂಶಗಳು 25 ಶೇಕಡ ದಾಟಿದರೆ ಅದನ್ನು ಬಳಸಬಾರದೆಂದು ಕೇಂದ್ರದ ಆಹಾರ ಸುರಕ್ಷತಾ ಸಂಸ್ಥೆ ಎಫ್‌ಎಸ್‌ಎಸ್‌ಎಐ ನಿಯಮವಿದೆ. ಬಾಣಲೆ ಎಣ್ಣೆ ಕಪ್ಪಗೆ, ಮಂದವಾಗಿ, ನೊರೆ ಕಟ್ಟುತ್ತಿದ್ದರೆ ಆ ಗಾಡಿ ಬಿಟ್ಟು ಮುಂದೆ ಹೋಗಿ.

ಮಟನ್ ಕೊಳ್ಳುವಾಗ ಪಕ್ಕೆ, ಹೊಟ್ಟೆ ಭಾಗಕ್ಕಿಂತ ತೊಡೆ ಕೇಳಿ. ಹೊರಗೆ ಕಾಣುವ ಬಿಳಿ ಕೊಬ್ಬನ್ನು ಅಂಗಡಿಯಲ್ಲೇ ತೆಗೆಸಿ. ಸಾರು ಹಿಂದಿನ ದಿನವೇ ಮಾಡಿದ್ದರೆ ಆರಿದ ಕೂಡಲೇ ಫ್ರಿಜ್ಜಿಗಿಡಿ. ಕುರಿ ಕೊಬ್ಬು ಬೇಗ ಹೆಪ್ಪುಗಟ್ಟುವುದರಿಂದ ಬೆಳಿಗ್ಗೆ ಮೇಲೆ ಹಲಗೆಯಂತೆ ನಿಂತಿರುತ್ತದೆ, ಚಮಚದಿಂದ ಎತ್ತಿಬಿಡಬಹುದು. ರುಚಿ ಕೆಡುವುದಿಲ್ಲ. ಕೋಳಿಯ ಕೊಬ್ಬು ಹೆಚ್ಚಿರುವುದು ಚರ್ಮದಲ್ಲಿ. ಚರ್ಮ ಸುಲಿದರೆ ಸಾಕು. ಕೆಂಡದ ಮೇಲೆ ಕರಿಯಾಗುವಂತೆ ಸುಡುವುದನ್ನು ಕಡಿಮೆ ಮಾಡಿ, ಸಾರಿನಲ್ಲಿ ಬೇಯಿಸಿದ್ದೇ ಒಳ್ಳೆಯದು.

ಕ್ಯಾನ್ಸರಿನ ಮಾತೂ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ ಸಂಸ್ಕರಿಸಿದ ಮಾಂಸವನ್ನು, ಅಂದರೆ ಸಾಸೇಜ್, ಸಲಾಮಿಯಂಥವನ್ನು, ಕ್ಯಾನ್ಸರ್‌ಕಾರಕವೆಂದೇ ಪಟ್ಟಿ ಮಾಡಿತು. ದಿನಕ್ಕೆ 50 ಗ್ರಾಂ ತಿಂದರೆ ದೊಡ್ಡ ಕರುಳಿನ ಕ್ಯಾನ್ಸರಿನ ಅಪಾಯ 18 ಶೇಕಡ ಏರುತ್ತದೆ. ಕುರಿ, ಮೇಕೆಯಂಥ ಕೆಂಪು ಮಾಂಸ "ಬಹುಶಃ ಕಾರಕ" ಎಂಬ ಗುಂಪಿನಲ್ಲಿದೆ. ವಾರಕ್ಕೆ ಬೇಯಿಸಿದ ಕೆಂಪು ಮಾಂಸ 350ರಿಂದ 500 ಗ್ರಾಂ ದಾಟಬಾರದೆಂದು ವಿಶ್ವ ಕ್ಯಾನ್ಸರ್ ಸಂಶೋಧನಾ ನಿಧಿಯ ಸಲಹೆ. ಮೇಲಿನ ಭಾನುವಾರದ ಲೆಕ್ಕ ನೆನಪಿಸಿಕೊಳ್ಳಿ: ನಮ್ಮ ಸಾಧಾರಣ ಮನೆಗಳು ಈ ಮಿತಿಯ ಹತ್ತಿರವೂ ಹೋಗುವುದಿಲ್ಲ. ಪಾಶ್ಚಾತ್ಯರ ಅತಿಯನ್ನು ನಮ್ಮ ನಾಲ್ಕು ತುಂಡಿನ ಮೇಲೆ ಹೊರಿಸುವುದು ನ್ಯಾಯವಲ್ಲ. ಆದರೆ ದಿನಾ ಹೋಟೆಲಿನಲ್ಲಿ ಮಟನ್ ಬಿರಿಯಾನಿ, ಡ್ರೈ ಫ್ರೈ ತಿನ್ನುವ ಪಟ್ಟಣದ ಹುಡುಗರಿಗೆ ಈ ಎಚ್ಚರಿಕೆ ಪೂರ್ತಿ ಅನ್ವಯ.

ಮೀನಿನ ಬಗ್ಗೆ ಚಿಕ್ಕದಾಗಿ: ಶಾಂತಿಸಾಗರದಂಥ ಕೆರೆಯ ಕಾಟ್ಲಾ, ರೋಹು ಒಳ್ಳೆಯ ಪ್ರೋಟೀನು, ಆದರೆ ಹೃದಯಕ್ಕೆ ಬೇಕಾದ ಒಮೆಗಾ-3 ಹೆಚ್ಚಿರುವುದು ಕರಾವಳಿಯಿಂದ ಐಸಿನಲ್ಲಿ ಬರುವ ಬಂಗುಡೆ, ಬೂತಾಯಿಯಲ್ಲಿ. ಮೀನು ತಿನ್ನದವರು ದಿನಾ ಒಂದು ದೊಡ್ಡ ಚಮಚ ಅಗಸೆ ಪುಡಿ ರೊಟ್ಟಿ ಜೊತೆ ತಿನ್ನಲಿ. ಇಡೀ ಅಗಸೆ ಬೀಜ ನುಂಗಿದರೆ ಹಾಗೇ ಹೊರಗೆ ಹೋಗುತ್ತದೆ, ಪುಡಿ ಮಾಡಲೇಬೇಕು. ಹದಿನೈದು ದಿನಕ್ಕಾಗುವಷ್ಟೇ ಮಾಡಿ, ಕಮಟು ವಾಸನೆ ಬಂದರೆ ಬಿಸಾಡಿ.

ನಮ್ಮ ಎರಡೂ ಜಿಲ್ಲೆಗಳಿಗೆ ಇನ್ನೊಂದು ವಿಶೇಷ ಕಷ್ಟವಿದೆ, ಕೊಳವೆಬಾವಿಯ ಫ್ಲೋರೈಡ್. ಜಗಳೂರಿನಲ್ಲೂ ಚಿತ್ರದುರ್ಗದ ಬಯಲು ಭಾಗದಲ್ಲೂ ಇದು ಹಳೆಯ ಗೋಳು. ಊಟದಲ್ಲಿ ಕ್ಯಾಲ್ಸಿಯಂ ಕಡಿಮೆ ಇದ್ದವರ ಮೂಳೆಗೆ ಫ್ಲೋರೈಡ್ ಹೆಚ್ಚು ಹಾನಿ ಮಾಡುತ್ತದೆ. ಆದ್ದರಿಂದ ಹಾಲು ಬಿಡುವ ಯೋಚನೆ ಇರುವವರು ಇಲ್ಲಿ ಎರಡು ಸಲ ಯೋಚಿಸಬೇಕು. 100 ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ದಿನಕ್ಕೆ ಬೇಕಾದ್ದು 1000. ಮಿಕ್ಕದ್ದು ಹಾಲು, ಮೊಸರು, ಎಳ್ಳು, ನುಗ್ಗೆ ಸೊಪ್ಪಿನಿಂದ ಬರಬೇಕು. ಮಾಂಸದಲ್ಲಿ ಕ್ಯಾಲ್ಸಿಯಂ ಇಲ್ಲವೆಂದೇ ತಿಳಿಯಿರಿ. ಮೂಳೆ ಸೂಪಿನಿಂದ ಮೂಳೆ ಗಟ್ಟಿಯಾಗುತ್ತದೆಂಬುದು ಸುಳ್ಳು. ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದು ಗಾಢವಾಗುತ್ತದೆ. ಕುಡಿಯಲು ಮಾತ್ರವಲ್ಲ, ಅಡುಗೆಗೂ ಶುದ್ಧೀಕರಣ ಘಟಕದ ನೀರು ಬಳಸಿ.

ಕೊಳವೆಬಾವಿಯ ನೀರು ಗಡುಸಾಗಿದ್ದರೆ ಕಾಳೂ ಬೇಯದೇ ಹೋಗುತ್ತದೆ, ಬೇಯದ ಕಾಳಿನಿಂದ ಹೊಟ್ಟೆ ಉಬ್ಬರ, ಉಬ್ಬರದಿಂದ "ನಮಗೆ ಕಾಳು ಆಗಲ್ಲ" ಎಂಬ ತೀರ್ಮಾನ. ಹುರುಳಿಯನ್ನು ಆರಿಸಿ, 10ರಿಂದ 12 ಗಂಟೆ ನೆನೆಸಿ, ಆ ನೀರು ಚೆಲ್ಲಿ, ಹಿಂಡಿದ ಒದ್ದೆ ಬಟ್ಟೆಯಲ್ಲಿ ಕಟ್ಟಿಡಿ. ಬೇಸಿಗೆಯಲ್ಲಿ ಒಂದು ದಿನ, ಚಳಿಗಾಲದಲ್ಲಿ ಒಂದೂವರೆಯಿಂದ ಎರಡು ದಿನ. ಹನ್ನೆರಡು ಗಂಟೆಗೊಮ್ಮೆ ತೊಳೆಯಬೇಕು. ಲೋಳೆ ಬಂದು ಹುಳಿ ವಾಸನೆ ಹೊಡೆದರೆ ಬಟ್ಟೆಯಲ್ಲಿ ನೀರು ಹೆಚ್ಚಾಗಿತ್ತು ಎಂದರ್ಥ, ಅದನ್ನು ತಿನ್ನಬೇಡಿ. ಮೊಳಕೆ ಬಂದ ಹುರುಳಿಗೆ ಕುಕ್ಕರಿನಲ್ಲಿ ನಾಲ್ಕು ಸೀಟಿ ಸಾಕು. ಹುಣಸೆಹಣ್ಣು, ಟೊಮೆಟೊ ಬೆಂದ ಮೇಲೆಯೇ ಹಾಕಿ, ಹುಳಿ ಮೊದಲೇ ಬಿದ್ದರೆ ಕಾಳು ಕಲ್ಲಾಗುತ್ತದೆ. ಸೋಡಾ ಹಾಕಿ ಬೇಯಿಸುವ ಅಭ್ಯಾಸ ಬೇಡ, ಬಿ1 ವಿಟಮಿನ್ ನಾಶವಾಗುತ್ತದೆ. ಕಾಳು ರೂಢಿಯಿಲ್ಲದವರು ಮೊದಲ ವಾರ ದಿನಕ್ಕೆ ಎರಡು ಚಮಚದಿಂದ ಶುರು ಮಾಡಿ, ಇಂಗು-ಬೆಳ್ಳುಳ್ಳಿ ಒಗ್ಗರಣೆ ಕೊಟ್ಟು, ಮೂರು ವಾರದಲ್ಲಿ ಒಂದು ಬಟ್ಟಲಿಗೆ ಏರಿಸಿ. ಕರುಳು ಹೊಂದಿಕೊಳ್ಳುತ್ತದೆ.

ಮೂತ್ರಪಿಂಡದ ಕಾಯಿಲೆ ಇರುವವರಿಗೆ ಮೇಲಿನ ಪ್ರೋಟೀನ್ ಲೆಕ್ಕ ಅನ್ವಯಿಸುವುದಿಲ್ಲ, ಅವರ ಮಿತಿಯನ್ನು ಅವರ ಡಾಕ್ಟರೇ ಹೇಳಬೇಕು. ಯೂರಿಕ್ ಆಮ್ಲ ಹೆಚ್ಚಿರುವವರು ಲಿವರ್, ಬೋಟಿ ಬಿಡಬೇಕು, ಕಾಳು ಬಿಡಬೇಕಿಲ್ಲ. ಬಸುರಿಯರು ಲಿವರ್ ಹೆಚ್ಚು ತಿನ್ನಬಾರದು, ಅದರಲ್ಲಿ ವಿಟಮಿನ್ ಎ ಅತಿಯಾಗಿರುತ್ತದೆ.

ಶ್ರಾವಣದಲ್ಲಿ ಬಾಡು ಬಿಡುವ ಮನೆಗಳು ನಮ್ಮಲ್ಲಿ ಬಹಳ. ಆ ತಿಂಗಳು ಬಹುತೇಕ ಮನೆಗಳಲ್ಲಿ ಮಟನ್ನಿನ ಜಾಗಕ್ಕೆ ಬರುವುದು ಹೋಳಿಗೆ, ಪಾಯಸ, ಕರಿದ ಹಪ್ಪಳ, ಇನ್ನಷ್ಟು ಅನ್ನ. ಮಾಂಸ ಬಿಟ್ಟರೂ ಶುಗರ್, ತೂಕ ಏರುವುದು ಇದರಿಂದಲೇ. ಆ ತಿಂಗಳು ಭಾನುವಾರದ ಸಾರಿಗೆ ಅದೇ ಬಾಡಿನ ಮಸಾಲೆ ರುಬ್ಬಿ, ತಲೆಗೆ 40 ಗ್ರಾಂ ಒಣ ಹುರುಳಿಯನ್ನು ಮೊಳಕೆ ಕಟ್ಟಿ, 15 ಗ್ರಾಂ ಒಣ ಸೋಯಾ ಚಂಕ್ಸ್ ಜೊತೆ ಹಾಕಿ. ಹುರುಳಿಯಿಂದ 9, ಸೋಯಾದಿಂದ 8 ಗ್ರಾಂ: ಮಟನ್ ಕೊಡುತ್ತಿದ್ದ 19 ಗ್ರಾಂಗೆ ಎರಡೇ ಗ್ರಾಂ ಕಡಿಮೆ, ಜೊತೆಗೊಂದು ಲೋಟ ಮಜ್ಜಿಗೆ ಕುಡಿದರೆ ಅದೂ ಸರಿಹೋಗುತ್ತದೆ.